ಗಾಳಿಯಲ್ಲ, ಗಾಲಿ

“ನಿನ್ನ ಬಾಯಾಗ ಬೆಲ್ಲ ಬೀಳಲಿ!”

ಪ್ರಬುದ್ಧ ಹೀಗೆ ಬೈದದ್ದು ದಾರಿಗೆ ಅಡ್ಡ ನಿಂತ ಎಮ್ಮೆಗೆ. ಎಮ್ಮೆ ಅವನ ಮುಖವನ್ನೊಮ್ಮೆ ನೋಡಿತು. ಬೆಲ್ಲ ಬೀಳುವ ಲಕ್ಷಣ ಕಾಣದೆ, ಜೀಪಿನ ಮುಂದಿನ ಹೊಸ ಕಬ್ಬಿಣದ ಗಾರ್ಡಿಗೆ ಮೈ ತಿಕ್ಕಿಕೊಂಡು ಹೋಯಿತು.

ನನ್ನನ್ನು ಊರೂರು ಸುತ್ತಿಸುವ ಈ ಪ್ರಬುದ್ಧನ ಬಾಯಲ್ಲಿ ಇದಕ್ಕಿಂತ ಕೆಟ್ಟ ಮಾತು ನಾನು ಕೇಳಿಲ್ಲ. ಸಿಟ್ಟು ಬಂದರೆ ಬೈಯಲಿ, ಆದರೆ ಬೈದದ್ದು ಫಲಿಸಿದರೆ ಎದುರಿನವರಿಗೆ ಒಳ್ಳೆಯದೇ ಆಗಬೇಕು ಎಂಬುದು ಅವನ ತಾಯಿ ಬಾಳಮ್ಮನ ಕಾನೂನು. ಅಫಜಲಪುರದ ರಸ್ತೆಯಲ್ಲಿ ಕಬ್ಬಿನ ಲಾರಿಯವರಿಗೂ ಅವನು ಇದನ್ನೇ ಕೂಗುತ್ತಾನೆ. ಅವರು ತಿರುಗಿ ಕೂಗುವುದನ್ನು ಇಲ್ಲಿ ಬರೆಯಲಾಗದು.

ನಿಂಬರ್ಗಾದ ಹೊರಗಿನ ಬೇವಿನ ಮರದ ಕೆಳಗೆ ಜೀಪು ನಿಂತಿತು.

“ಇಲ್ಲೇ ಇಳೀರಿ ಮೇಡಂ. ಒಳಗ ದಾರಿ ಸಣ್ಣದದ.”

“ಟ್ರ್ಯಾಕ್ಟರ್ ಹೋಗೋ ದಾರಿ ನಿನ್ನ ಜೀಪಿಗಿ ಸಣ್ಣದೇನೋ? ಚಾ ಕುಡ್ಯಾಕರೆ ಬಾ.”

“ಬ್ಯಾಡ್ರಿ. ನಾ ಇಲ್ಲೇ ಇರ್ತೇನಿ.”

ಚಹಾದ ವಾಸನೆ ಬಂದರೆ ಗೇರು ತಾನೇ ಬದಲಾಗುವಂಥ ಮನುಷ್ಯ ಅವನು. ಈ ಊರಿನ ಕೆಲಸ ಬಂದಾಗಿನಿಂದ ಮಾತ್ರ ಹೀಗೇ. ಬಿಸಿಲಿಗೆ ಬಳಲಿರಬೇಕು ಎಂದುಕೊಂಡು ನಾನು ಇಳಿದು ನಡೆದೆ.

ನಾನು ಜಯಮಾಲಾ. ನಷ್ಟ ಯಾಕಾಯಿತು ಎಂದು ವಿಮೆ ಕಂಪನಿಯ ಪರವಾಗಿ ಹುಡುಕಿ ಹೇಳುವುದು ನನ್ನ ಉದ್ಯೋಗ. ಕಳೆದ ವಾರ ಬಿರುಗಾಳಿ ಬೀಸಿದ ಸಂಜೆ ನಿಂಬರ್ಗಾದ ಹೆಣ್ಣುಮಕ್ಕಳ ರೊಟ್ಟಿ ಕೇಂದ್ರದ ಸೋಲಾರ್ ಪ್ಲೇಟುಗಳು ಸ್ಟ್ಯಾಂಡಿನ ಸಮೇತ ನೆಲಕಚ್ಚಿದ್ದವು. ಗಾಳಿ ಕೆಡವಿತು, ಏಕೆಂದರೆ ಕೂಡಿಸಿದ ಹುಡುಗ ನಟ್ಟು ಬಿಗಿದಿರಲಿಲ್ಲ ಎಂದು ಊರು ಆಗಲೇ ತೀರ್ಪು ಕೊಟ್ಟಿತ್ತು. ಇವತ್ತು ಸಂಜೆ ಸಂಘದ ಸಭೆ. ಅಷ್ಟರೊಳಗೆ ಬೇರೆ ಕಾರಣ ಸಿಗದಿದ್ದರೆ ಆ ಹುಡುಗ ಅರ್ಬಾಜನ ಮೇಲೆ ದೂರು ಹೋಗುತ್ತದೆ. ಆಮೇಲೆ ಆಳಂದದಿಂದ ಜೇವರ್ಗಿಯವರೆಗೆ ಯಾರೂ ಅವನ ಕೈಗೆ ಒಂದು ಬಲ್ಬು ಸಹ ಕೊಡುವುದಿಲ್ಲ.

ಅರ್ಬಾಜ ಮುರಿದ ಸ್ಟ್ಯಾಂಡಿನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕುಳಿತಿದ್ದ. ಗಡ್ಡ ಇನ್ನೂ ಸರಿಯಾಗಿ ಮೂಡದ ಮುಖ, ಕೈಯಲ್ಲಿ ನಟ್ಟು ತಿರುಗಿಸುವ ಪಾನಾ. ಒಡೆದ ಗಾಜಿನ ಮೇಲೆ ಬಿಸಿಲು ಬಿದ್ದು ಅವನ ಅಂಗಿಯ ತುಂಬ ಚುಕ್ಕೆ ಚುಕ್ಕೆ ಬೆಳಕು.

“ಆ ಪಾನಾ ಕೊಡು ಇಲ್ಲಿ.”

“ನೀವ್ಯಾಕ್ರಿ ಮೇಡಂ ಕೈ ಹೊಲಸು ಮಾಡ್ಕೊಂತೀರಿ?”

ಕಸಿದುಕೊಂಡು ಬುಡದ ನಟ್ಟಿಗೆ ಹಾಕಿ ಜೋರಾಗಿ ತಿರುಗಿಸಿದೆ. ನಟ್ಟು ಮಿಸುಕಲಿಲ್ಲ. ಇನ್ನೊಂದಕ್ಕೆ ಹಾಕಿದೆ. ನನ್ನ ಬಳೆ ಒಡೆಯಿತು, ನಟ್ಟು ಹಾಗೇ ಇತ್ತು.

“ಸಡಲ ನಟ್ಟು ಅಂದ್ರ ಇದೇನೋ?”

ಅವನು ಒಡೆದ ಗಾಜು ಆರಿಸತೊಡಗಿದ.

ಕಂಬದ ಕಡೆ ಬಂದೆ. ಮೂಡಣ ಬದಿಯ ಕಾಲು ಮೊಣಕಾಲಿನ ಎತ್ತರಕ್ಕೆ ಒಳಗೆ ತಗ್ಗಿತ್ತು. ಗಾಳಿ ಪ್ಲೇಟನ್ನು ಹಿಡಿಯುವುದು ಮೇಲೆ, ಹಾಸು ಅಗಲವಾಗಿರುವಲ್ಲಿ. ಕೆಳಗಿನ ಸಣ್ಣ ಕಂಬಕ್ಕೆ ಗುದ್ದಿ ತಗ್ಗು ಮಾಡುವ ಗಾಳಿ ಯಾವ ಊರಿನದು? ಇನ್ನೊಂದು ಮಾತು. ಆ ಸಂಜೆ ಗಾಳಿ ಬೀಸಿದ್ದು ಪಡುವಣದಿಂದ. ಪ್ಲೇಟು ಬಿದ್ದದ್ದೂ ಪಡುವಣಕ್ಕೇ. ಗಾಳಿಗೆ ಎದುರಾಗಿ ಬೀಳುವ ವಸ್ತುವನ್ನು ನಾನು ಈ ಕೆಲಸದಲ್ಲಿ ಒಮ್ಮೆಯೂ ಕಂಡಿಲ್ಲ.

“ಅರ್ಬಾಜ, ಇದು ಗಾಳಿ ಕೆಲಸ ಅಲ್ಲ. ಏನೋ ಬಂದು ಹೊಡದದ.”

ಅವನು ಖುಷಿಪಡುತ್ತಾನೆ ಎಂದುಕೊಂಡಿದ್ದೆ. ಅವನು ಎದ್ದು ನಿಂತು ಕೈ ಮುಗಿದ.

“ತಪ್ಪು ನಂದೇ ಅಂತ ಬರದ್ ಬಿಡ್ರಿ ಮೇಡಂ. ಇಷ್ಟಕ್ಕ ಮುಗಸ್ರಿ.”

“ಹುಚ್ಚ ಹಿಡದದೇನೋ ನಿನಗ?”

“ನಿಂಬೆವ್ವ ಅಕ್ಕಂದು ಋಣ ಭಾಳ ಅದ್ರಿ ನನ್ನ ಮ್ಯಾಲ. ಕೆಲಸ ಕಲ್ತ ಬಂದಾಗ ಸಣ್ಣ ಹುಡುಗ ಅಂತ ಒಬ್ಬರೂ ನಂಬಲಿಲ್ಲ. ಮೊದಲನೇ ಕೆಲಸ ಕೊಟ್ಟಾಕಿ ಆಕಿ. ಆಕಿ ಕೇಂದ್ರದ ಹೆಸರ ಪೊಲೀಸ್, ಕೋರ್ಟು ಅಂತ ಅಲೀಬಾರದು.”

ಈ ಕಾಲದಲ್ಲೂ ಉಪಕಾರ ನೆನೆಯುವ ಹುಡುಗರಿದ್ದಾರಲ್ಲ ಎಂದು ನನಗೆ ಎದೆ ತುಂಬಿ ಬಂತು. ಇವನನ್ನು ಉಳಿಸಿಯೇ ಹೋಗುತ್ತೇನೆ ಎಂದು ಅಲ್ಲೇ ಹಟ ತೊಟ್ಟೆ.

*

ಕೇಂದ್ರವೆಂದರೆ ಒಂದು ಉದ್ದನೆಯ ತಗಡಿನ ಕೋಣೆ. ಒಳಗೆ ಗಿರಣಿ ಸುಮ್ಮನೆ ಕುಳಿತಿತ್ತು. ಅದರ ಮೇಲೆ ಒಂದು ಬಟ್ಟೆ ಹೊದಿಸಿದ್ದರು, ಜ್ವರ ಬಂದವರಿಗೆ ಹೊದಿಸಿದ ಹಾಗೆ. ಹಿಟ್ಟನ್ನು ಆಳಂದದಿಂದ ತರಿಸಿ ಹೆಂಗಸರು ಕೈಯಲ್ಲೇ ರೊಟ್ಟಿ ಬಡಿಯುತ್ತಿದ್ದರು. ಆ ಸದ್ದು ಕೇಳುತ್ತಲೇ ಹಸಿವಾಗುತ್ತದೆ.

ನಿಂಬೆವ್ವ ಒಲೆಯ ಮುಂದಿನಿಂದ ಎದ್ದು ಬಂದಳು. ಸಂಘದ ಮುಖ್ಯಸ್ಥೆ. ಗಟ್ಟಿ ಮೈಕಟ್ಟು, ಗಟ್ಟಿ ದನಿ. ಹಣೆಯ ಮೇಲೆ ಅರಿಶಿನ ಮೆತ್ತಿದ ಒಂದು ಬಾವು.

“ಇದೇನಕ್ಕಾ?”

“ಬಾಗಲಾ ಬಡೀತ್ರಿ. ದಿನಾ ನೋಡೋ ಬಾಗಲಾನೇ. ಕುಂದರ್ರಿ, ಉಣ್ರಿ ಮೊದಲ.”

ಬಿಸಿ ರೊಟ್ಟಿ, ಪುಂಡಿಪಲ್ಯ, ಮೇಲೆ ಶೇಂಗಾ ಹಿಂಡಿ. ತನಿಖೆಗೆ ಬಂದವರು ಉಣ್ಣಬಾರದು ಎಂಬ ನಿಯಮವನ್ನು ಮಾಡಿದವರು ಪುಂಡಿಪಲ್ಯ ತಿಂದಿರಲಾರರು.

“ಡೀಸೆಲ್ ಇಂಜಿನ್ ಮತ್ತ ಚಾಲೂ ಮಾಡೋಣು ಅಂತಾರಂತಲ್ಲ ಕೆಲವರು?” ಎಂದೆ.

“ಅಂತಾರ್ರಿ. ಅನ್ನೋರ ಬಾಯಿ ಮುಚ್ಚಾಕಾದೀತೇನ್ರಿ?” ನಿಂಬೆವ್ವ ಉರಿಯನ್ನು ಸಣ್ಣ ಮಾಡಿದಳು. “ಆ ಇಂಜಿನ್ ಇದ್ದಾಗ ಹಿಟ್ಟಿನಾಗೂ ಡೀಸೆಲ್ ವಾಸನಿ, ಸೆರಗಿನಾಗೂ ಡೀಸೆಲ್ ವಾಸನಿ. ಕೂಸಿಗಿ ಹಾಲ ಕುಡಸಾಕ ತಗೊಂಡ್ರ ಮಾರಿ ತಿರಗಿಸ್ತಿತ್ತರಿ. ಮೊದಲ ನಾವು ಈ ಬಿಸಿಲಿಗಿ ದಿನಾ ಬೈತಿದ್ವಿ, ಸುಡ್ತದ, ಕೊಲ್ತದ ಅಂತ. ಗಿರಣಿ ಬಿಸಿಲಿಲೆ ತಿರಗಾಕತ್ತಿದ ದಿನದಿಂದ ಮುಂಜಾನೆದ್ದು ಕೈ ಮುಗೀತೀವ್ರಿ. ಇಷ್ಟ ವರ್ಷ ಬೈದಿದ್ದಕ್ಕ ನಾಚಿಕಿ ಬರ್ತದ.”

ಪಕ್ಕದ ಹೆಂಗಸರು ಹೌದು ಹೌದು ಎಂದು ತಲೆಯಾಡಿಸಿದರು.

“ಇನ್ನ ಮುಂದ ಬ್ಯಾಟ್ರಿ ಗಾಡಿ ತಗೋಬೇಕಂತ ಆಸೆ ಇತ್ತರಿ,” ನಿಂಬೆವ್ವ ಮುಂದುವರಿಸಿದಳು. “ಇದೇ ಬಿಸಿಲಿಲೆ ಅದಕ್ಕೂ ಕರೆಂಟ್ ತುಂಬೋದು. ರೊಟ್ಟಿ ನಾವ ಕಲಬುರಗಿಗಿ ಒಯ್ಯೋದು. ಬಾಡಗಿ ಟೆಂಪೋದವಂದು ದಾರಿ ಕಾಯೋದೇ ಬ್ಯಾಡ.”

“ಗಾಡಿ ಹೊಡಿಯೋರು ಯಾರಕ್ಕಾ?”

“ಯಾರರೆ ಕಲೀತಾರ ಬಿಡ್ರಿ,” ಎಂದು ಆಕೆ ರೊಟ್ಟಿ ತಿರುವಿ ಹಾಕಿದಳು.

ಬಾಗಿಲ ಬಳಿ ಒಬ್ಬ ಮುದುಕಿ ಮೊರದಲ್ಲಿ ಜೋಳ ಹಿಡಿದು ನಿಂತಿದ್ದರು. ಮೆಹರಾಜಬೇಗಂ. ಮುರಿದ ಸ್ಟ್ಯಾಂಡಿಗೆ ಹತ್ತಿದ ಮನೆ ಅವರದೇ. ಕಣ್ಣಿಗೆ ಪೊರೆ ಬಂದಿದೆ, ಆದರೆ ಕಿವಿ ಚುರುಕು. ಆ ಸಂಜೆ ಊರಿಗೆ ಊರೇ ಖಜೂರಿ ಊರಿನ ಮದುವೆಗೆ ಹೋದಾಗ ಈ ಓಣಿಯಲ್ಲಿ ಉಳಿದವರು ಇವರೊಬ್ಬರೇ. ಇವರ ಹೇಳಿಕೆಯನ್ನು ಊರಿನವರು ಬರೆಸಿದ್ದರು: ಧಡ್ ಎಂದಿತು, ಗಾಳಿ ಬಂತು.

ಈಗ ಅವರು ಮೊರವನ್ನು ಎತ್ತಿ ಹಿಡಿದರು, ತುಸು ಕಾದರು, ಇಳಿಸಿದರು.

“ಆಜ್ ಹವಾನೇ ಇಲ್ಲ ನೋಡು ಬೇಟಿ. ಹವಾ ಇಲ್ಲಂದ್ರ ಜೋಲಾ ಹ್ಯಾಂಗ ತೂರ್ಲಿ?”

“ನಾನೀ, ಜೋಲಾ ಅಲ್ಲ, ಜೋಳಾ!” ಒಬ್ಬಳು ಹುಡುಗಿ ಕೀಟಲೆ ಮಾಡಿದಳು.

“ನಾ ಭೀ ಅದೇ ಅಂದೆ. ಜೋಲಾ.”

ಎಲ್ಲರೂ ನಕ್ಕರು. ಅಜ್ಜಿಯೂ ನಕ್ಕರು. ಮನೆಮಾತು ದಖನಿ ಉರ್ದು. ಕನ್ನಡ ಬೆಣ್ಣೆಯಂತೆ ಆಡುತ್ತಾರೆ, ಆದರೆ ಒಂದು ಅಕ್ಷರ ಮಾತ್ರ ನಾಲಿಗೆಯಲ್ಲಿ ಹೊರಳುವುದಿಲ್ಲ. ಬ್ಯಾಳಿ ಅವರಿಗೆ ಬ್ಯಾಲಿ, ಬಾಳೆಹಣ್ಣು ಬಾಲೆಹಣ್ಣು. ಊರು ಪ್ರೀತಿಯಿಂದ ತಿದ್ದಿ ತಿದ್ದಿ ಕೇಳಿಸಿಕೊಳ್ಳುತ್ತದೆ.

ರೊಟ್ಟಿಯ ಚೂರು ನನ್ನ ಬಾಯಲ್ಲೇ ನಿಂತಿತು.

ಹವಾ. ಗಾಳಿಗೆ ಅವರು ಹವಾ ಎನ್ನುತ್ತಾರೆ!

“ಖಾಲಾ,” ಎಂದೆ, “ಅವತ್ತ ಸಂಜೀಕ ಧಡ್ ಅಂದಾಗ ಏನ ಬಂತು ಅಂದ್ರಿ?”

“ಗಾಲಿ ಬಂತು ಬೇಟಿ. ಅವತ್ತೇ ಹೇಲಿದೆ ಎಲ್ಲರಿಗೂ.”

ಗಾಲಿ! ಅಜ್ಜಿ ಸರಿಯಾಗಿಯೇ ಹೇಳಿದ್ದರು. ಊರು ತನ್ನ ರೂಢಿಯಂತೆ ಪ್ರೀತಿಯಿಂದ ತಿದ್ದಿ ಗಾಳಿ ಮಾಡಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎಂಬಂತೆ ನಾನೂ ಅದನ್ನೇ ನಂಬಿ ಇಷ್ಟು ದಿನ ಗಾಳಿ ಗುದ್ದಿ ಮೈ ನೋಯಿಸಿಕೊಂಡಿದ್ದೆ.

ಗಾಲಿ ಎಂದರೆ ಚಕ್ರ. ಚಕ್ರವೆಂದರೆ ಗಾಡಿ. ಮೊಣಕಾಲೆತ್ತರದ ಆ ತಗ್ಗು!

“ಬೇಟಿ, ಸುನೋ ತೋ...” ಎಂದು ಅಜ್ಜಿ ಏನೋ ಹೇಳಲು ಹೊರಟರು. ಕೇಳುವ ವ್ಯವಧಾನ ಯಾರಿಗಿತ್ತು? ನಾನು ಆಗಲೇ ಚಪ್ಪಲಿ ಮೆಟ್ಟಿ ಅಂಗಳಕ್ಕೆ ಇಳಿದಿದ್ದೆ.

*

ಗಾಡಿ ಇದ್ದು, ಕೇಂದ್ರದ ಗಿರಣಿ ನಿಂತರೆ ಲಾಭ ಆಗುವ ಮನುಷ್ಯ ಊರಲ್ಲಿ ಒಬ್ಬನೇ. ಗುರುಲಿಂಗ. ಹಳೆಯ ಡೀಸೆಲ್ ಗಿರಣಿಯ ಮಾಲೀಕ. ಸೋಲಾರ್ ಬಂದ ಮೇಲೆ ಅವನ ಗಿರಣಿಗೆ ಬೀಗ ಬಿದ್ದಿತ್ತು.

ಅವನು ಕಟ್ಟೆಯ ಮೇಲೆ ಅಡಿಕೆ ಕತ್ತರಿಸುತ್ತ ಕುಳಿತಿದ್ದ. ಹುರಿಮೀಸೆ, ಕೆಂಪು ಕಣ್ಣು. ಪತ್ತೇದಾರಿ ಕತೆಗೆ ಹೇಳಿ ಮಾಡಿಸಿದ ಮುಖ.

“ಶರಣ್ರಿ. ಬರ್ರಿ ಮೇಡಂ. ನನ್ನ ಮ್ಯಾಲ ಅನುಮಾನ ಬರಾಕ ಇಷ್ಟ ದಿನಾ ಯಾಕ ಹಿಡೀತ್ರಿ?”

“ಅನುಮಾನ ಅಂತ ನಾ ಅಂದೇನೇನು?”

“ಮತ್ತ ನನ್ನ ಮನಿಗಿ ಪುಂಡಿಪಲ್ಯ ತಿನ್ನಾಕ ಬಂದೀರೇನ್ರಿ? ಅದರ ವಾಸನಿ ಆಗಲೇ ನಿಮ್ಮ ಕೈಯಾಗ ಅದ.”

ಕೈಯನ್ನು ಸೆರಗಿಗೆ ಒರೆಸಿಕೊಂಡೆ. “ನೇರ ಕೇಳ್ತೇನಿ ಗುರುಲಿಂಗ. ಬಿರುಗಾಳಿ ಬೀಸಿದ ಸಂಜೀಕ ನಿಮ್ಮ ಟ್ರ್ಯಾಕ್ಟರ್ ಎಲ್ಲಿತ್ತು?”

“ಎಲ್ಲಿತ್ತೋ ಅಲ್ಲೇ ಅದ.”

“ಅದು ಹೋಗಿ ಸ್ಟ್ಯಾಂಡಿಗಿ ಹೊಡದದ. ಕಣ್ಣಾರೆ ಅಲ್ಲದಿದ್ರೂ ಕಿವ್ಯಾರೆ ಕೇಳಿದವರಿದ್ದಾರ. ಗಾಲಿ ಬಂತು ಅಂತ ಹೇಳ್ಯಾರ.”

“ಗಾಲಿ?”

“ಹೌದು. ಗಾಲಿ.”

ಗುರುಲಿಂಗ ಅಡಕತ್ತರಿ ಕೆಳಗಿಟ್ಟ. ಎದ್ದು ನಿಂತ. ನನಗಿಂತ ಒಂದೂವರೆ ಪಟ್ಟು ಎತ್ತರ. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಪ್ರಬುದ್ಧ ಇದ್ದ ಬೇವಿನ ಮರ ಕೂಗಳತೆಯಲ್ಲಿ ಇರಲಿಲ್ಲ.

“ಬರ್ರಿ ನನ್ನ ಕೂಡ,” ಎಂದ.

ಹಿತ್ತಲಿಗೆ ಕರೆದೊಯ್ದ. ಅಲ್ಲಿ ಟ್ರ್ಯಾಕ್ಟರ್ ಇತ್ತು. ನಿಂತಿರಲಿಲ್ಲ, ಕುಳಿತಿತ್ತು. ಮುಂದಿನ ಎರಡೂ ಬದಿಗೆ ಕಲ್ಲು ಪೇರಿಸಿ ಅದರ ಮೇಲೆ ಇಟ್ಟಿದ್ದರು. ಕಲ್ಲಿಗೂ ಕಬ್ಬಿಣಕ್ಕೂ ನಡುವೆ ಜೇಡ ಬಲೆ ಹೆಣೆದು, ಬಲೆಯಲ್ಲಿ ಹಳೆಯ ತೊಗರಿ ಹೊಟ್ಟು ಸಿಕ್ಕಿತ್ತು. ಹಿಂದಿನ ಟೈರಿನ ನೆರಳಲ್ಲಿ ಒಂದು ಕೋಳಿ ಕಾವಿಗೆ ಕುಳಿತಿತ್ತು.

“ಎಲ್ಲಿ ಅದ್ರಿ ಗಾಲಿ? ಮುಂದಿನ ಗಾಲಿ ಎರಡೂ ಬಿಚ್ಚಿ ಆಳಂದದ ಗ್ಯಾರೇಜಿನಾಗ ಒಗದೇನಿ. ಸುಗ್ಗಿ ಮುಗದಾಗಿಂದ ಇದು ಹಿಂಗ ಅದ. ಆ ಕೋಳಿನ ಸಾಕ್ಷಿ ಹಾಕಿಸ್ರಿ ಬೇಕಂದ್ರ.”

ಕೋಳಿ ನನ್ನನ್ನು ಸಂಶಯದಿಂದ ನೋಡಿತು. ನಾನೇ ಮೊದಲು ಕಣ್ಣು ತಿರುಗಿಸಿದೆ.

“ತಪ್ಪು ತಿಳಕೊಂಡೆ,” ಎಂದೆ.

“ಊರ ತುಂಬ ಹಂಗೇ ತಿಳಕೊಂಡಾರ್ರಿ. ಗಿರಣಿ ಮುಚ್ಚಿದ್ದಕ್ಕ ಗುರುಲಿಂಗಗ ಹೊಟ್ಟಿಕಿಚ್ಚು ಅಂತ.” ಅವನ ದನಿ ಇಳಿಯಿತು. “ಬರ್ರಿ, ಇದನ್ನೂ ನೋಡ್ರಿ.”

ಪಡಸಾಲೆಯಲ್ಲಿ ಅವನ ತಾಯಿ ಮಲಗಿದ್ದರು. ಹತ್ತಿಯಂಥ ತಲೆಗೂದಲು. ಉಸಿರು ಹಗುರವಾಗಿ ಏರಿಳಿಯುತ್ತಿತ್ತು.

“ಗಿರಣಿ ಹಿಂದಿನ ಈ ಮನ್ಯಾಗ ಇಂಜಿನ್ ಹೊಗಿ ಕುಡದ ಕುಡದ ನಮ್ಮವ್ವಗ ಒಂದ ನಿದ್ದಿ ಅಂತ ಇರಲಿಲ್ಲರಿ. ಕೆಮ್ಮಿ ಕೆಮ್ಮಿ ಕುಂತೇ ಬೆಳಕ ಹರಸ್ತಿದ್ಲು. ಇಂಜಿನ್ ನಿಂತ ಮ್ಯಾಲ ನೋಡ್ರಿ, ಹಗಲೊತ್ತಿನಾಗೂ ನಿದ್ದಿ ಮಾಡತಾಳ. ಆ ಹೆಣ್ಮಕ್ಕಳು ನನ್ನ ಧಂದೆ ಮುಚ್ಚಿಸಿದ್ರು, ನನ್ನ ಅವ್ವನ್ನ ಉಳಸಿದ್ರು. ಬಾಯಿ ಬಿಟ್ಟು ಹೇಳಾಕ ನನಗ ಮೀಸಿ ಅಡ್ಡ ಬರ್ತದ. ನೀವರೆ ನಿಂಬೆವ್ವಗ ಹೇಳ್ರಿ, ಗುರುಲಿಂಗ ಶರಣ ಅಂದಾನ ಅಂತ.”

ಅನುಮಾನಿಸಲು ಹೋದವಳು ಕೈ ಮುಗಿದು ಹೊರಟೆ. ಬಾಗಿಲವರೆಗೆ ಬಂದು ಅವನೇ ಹೇಳಿದ.

“ಅವತ್ತ ನಾವೆಲ್ಲಾ ಖಜೂರಿ ಮದುವ್ಯಾಗ ಇದ್ವಿರಿ, ಎಲ್ಲಾರೂ. ನಿಂಬೆವ್ವ ಒಬ್ಬಾಕಿ ತಡಾಗಿ ಊಟದ ಹೊತ್ತಿಗಿ ಬಂದ್ಲು, ರೊಟ್ಟಿ ಕಳಸೋದಿತ್ತಂತ. ಊರಾಗ ಗಾಡಿ ಅನ್ನೋದೇ ಇರಲಿಲ್ಲ. ಹೊರಗಿಂದು ಯಾವುದರೆ ಬಂದಿರಬೇಕು ನೋಡ್ರಿ.”

*

ವಾಪಸ್ಸು ಬಂದಾಗ ಮೆಹರಾಜಬೇಗಂ ತಮ್ಮ ಮನೆಯ ಕಟ್ಟೆಯ ಮೇಲೆ ಕುಳಿತಿದ್ದರು. ಅರ್ಬಾಜ ಅವರ ಕಾಲ ಬಳಿ ಕುಳಿತು ಒಡೆದ ಗಾಜನ್ನು ಗೋಣಿಚೀಲಕ್ಕೆ ತುಂಬುತ್ತಿದ್ದ.

“ಮಿಲಾ ಕ್ಯಾ ಬೇಟಿ?”

“ಎಲ್ಲಿ ಸಿಗ್ತದ ಖಾಲಾ? ಗಾಲಿ ಇಲ್ಲದ ಟ್ರ್ಯಾಕ್ಟರ್ ನೋಡಿ ಬಂದೆ. ಅವತ್ತ ಬಂದದ್ದು ಟ್ರ್ಯಾಕ್ಟರ್ ಗಾಲಿ ಅಲ್ಲಂದ್ರ ಮತ್ತ್ಯಾವ ಗಾಲಿ?”

“ಟ್ರ್ಯಾಕ್ಟರ್?” ಅಜ್ಜಿ ಕೆನ್ನೆಗೆ ಕೈ ಹಚ್ಚಿದರು. “ಹಾಯ್ ಅಲ್ಲಾ! ಟ್ರ್ಯಾಕ್ಟರಿಗೆ ಇರೋದು ಪಯ್ಯಾ. ನಾ ಪಯ್ಯಾ ಯಾವಾಗ ಅಂದೆ? ಗಾಲಿ ಅಂದೆ. ಗಾಲಿ!”

“ಅಂದ್ರ?”

“ಗಾಲಿ ಬೇಟಿ. ಮುಹ್ ಸೇ ಬರ್ತದಲ್ಲ, ಅದು. ಬೈಗುಲ.”

ನಾನು ಕಟ್ಟೆಯ ಮೇಲೆ ಕುಳಿತುಬಿಟ್ಟೆ.

ಉರ್ದುವಿನಲ್ಲಿ ಗಾಲಿ ಎಂದರೆ ಬೈಗುಳ. ಇಲ್ಲಿ ಹುಟ್ಟಿ ಬೆಳೆದ ನನಗೆ ಇದು ಗೊತ್ತಿಲ್ಲದ ಮಾತೇ? ಊರು ಒಂದು ಸಲ ತಿದ್ದಿತು, ನಾನು ಇನ್ನೊಂದು ಸಲ ತಿದ್ದಿದೆ. ಅಜ್ಜಿ ಹೇಳಿದ್ದನ್ನು ಅಜ್ಜಿಯ ಭಾಷೆಯಲ್ಲಿ ಕೇಳಿಸಿಕೊಂಡವರು ಒಬ್ಬರೂ ಇಲ್ಲ. ಕೇಳದೆ ಎದ್ದು ಓಡಿದವಳಿಗೆ ಮತ್ತೆ ಕೂರಿಸಿಕೊಂಡು ಹೇಳುತ್ತಿದ್ದಾರಲ್ಲ, ಅದಕ್ಕೆ ಅವರ ಕೈ ಹಿಡಿದು ಕಣ್ಣಿಗೊತ್ತಿಕೊಂಡೆ.

“ಮಾಫ್ ಮಾಡ್ರಿ ಖಾಲಾ. ಈಗ ಪೂರಾ ಹೇಳ್ರಿ. ನಡುವ ಬಾಯಿ ಹಾಕಂಗಿಲ್ಲ.”

“ಹವಾ ಭಾಲ ಇತ್ತು. ಛಪ್ಪರದ ತಗಡು ಕುಣೀತಿತ್ತು, ಬ್ಯಾರೆ ಏನೂ ಕೇಲಸ್ತಿರಲಿಲ್ಲ. ಧಡ್ ಅಂತು. ನಾ ಅಂಜಿ ಬಾಗಲ ಹತ್ರ ಬಂದೆ. ಅಷ್ಟರಾಗ ಒಬ್ಬ ಮರ್ದ್ ಜೋರಾಗಿ ಗಾಲಿ ಕೊಟ್ಟ.”

“ಏನಂತ ಕೊಟ್ಟ? ಕೆಟ್ಟ ಮಾತಿದ್ರ ಕಿವ್ಯಾಗ ಹೇಳ್ರಿ.”

ಅಜ್ಜಿಯ ಮುಖದ ಸುಕ್ಕುಗಳೆಲ್ಲ ನಕ್ಕವು.

“ಕೆಟ್ಟದಲ್ಲ ಬೇಟಿ, ಅದೇ ತ ಮಜಾ! ಇಷ್ಟ ಉಮರ್ ಆಯ್ತು, ಅಂಥಾ ಗಾಲಿ ಕೇಲಿಲ್ಲ. ದನಿ ಒಲಗ ಗುಸ್ಸಾ, ಮಾತಿನ ಒಲಗ ಮಿಠಾಯಿ. ನಿನ್ನ ಬಾಯಾಗ ಬೆಲ್ಲ ಬೀಲಲಿ, ಅಂದ!”

ಗಾಜಿನ ಚೂರೊಂದು ಕಲ್ಲಿನ ಮೇಲೆ ಬಿದ್ದ ಸದ್ದಾಯಿತು. ಅರ್ಬಾಜನ ಕೈಯಿಂದ ಜಾರಿತ್ತು. ಅವನ ಮುಖ ಬಿಳಿಚಿಕೊಂಡಿತ್ತು.

ನನ್ನ ಮುಖ ಹೇಗಿತ್ತೋ ಗೊತ್ತಿಲ್ಲ. ಅಜ್ಜಿಗೆ ಕಾಣುವುದಿಲ್ಲವಲ್ಲ ಎಂದು ಆ ಕ್ಷಣಕ್ಕೆ ಸಮಾಧಾನವಾಯಿತು.

“ಯಾರಂತ ಗೊತ್ತಾಯ್ತಾ ಬೇಟಿ?”

“ಇನ್ನೂ ಇಲ್ಲ ಖಾಲಾ,” ಎಂದೆ. ಅಂಥ ತಾಯಿಗೆ ಸುಳ್ಳು ಹೇಳಿದೆ.

*

ನಿಂಬೆವ್ವನಿಗೆ ಹೇಳಬಹುದಾದಷ್ಟನ್ನು ಹೇಳಿದೆ. ನಟ್ಟು ಬಿಗಿಯಾಗಿವೆ, ಗಾಳಿಯಲ್ಲ, ಯಾವುದೋ ಗಾಡಿ ಹೊಡೆದಿದೆ, ಅರ್ಬಾಜನ ತಪ್ಪಿಲ್ಲ. ಗುರುಲಿಂಗನ ಶರಣನ್ನೂ ಮುಟ್ಟಿಸಿದೆ. ಆಕೆಯ ಕಣ್ಣು ತುಂಬಿತು. ಸೆರಗಿನಿಂದ ಒರೆಸಿಕೊಂಡು ಮತ್ತೆ ಹಿಟ್ಟು ನಾದತೊಡಗಿದಳು.

“ಹುಡುಗಂದು ತಪ್ಪಿಲ್ಲಂತ ನನಗ ಗೊತ್ತರಿ,” ಎಂದಳು. “ಆದ್ರ ಸಂಘದವರು ಒಪ್ಪಂಗಿಲ್ಲ. ಗಾಡಿ ಅಂದ್ರ ಯಾರ ಗಾಡಿ ಅಂತ ಕೇಳ್ತಾರ. ಗಾಳಿಗಿ ಹೆಸರ ಇರಂಗಿಲ್ಲ ಮೇಡಂ, ಗಾಲಿಗಿ ಇರ್ತದ. ಹೆಸರ ತರ್ರಿ. ಹೆಸರಿಲ್ಲಂದ್ರ ಸಂಜೀಕ ದೂರು ಅರ್ಬಾಜನ ಮ್ಯಾಲೇ ಹೋಗ್ತದ.”

ಮಾತು ಗಟ್ಟಿಯಾಗಿತ್ತು. ದನಿ ಮಾತ್ರ ಎಂದಿನ ಗಟ್ಟಿ ದನಿಯಲ್ಲ. ಹೋಗುವಾಗ ಬಿಳಿ ಬಟ್ಟೆಯಲ್ಲಿ ಸುತ್ತಿದ ರೊಟ್ಟಿಯ ಗಂಟನ್ನು ನನ್ನ ಕೈಗಿಟ್ಟಳು.

“ಇವು ನಾನ ಬಡದಿದ್ದರಿ, ಬ್ಯಾರೆಯವರ ಕೈಗಿ ಕೊಟ್ಟಿಲ್ಲ. ನಮ್ಮ ಹುಡುಗಗ ಇಷ್ಟ ಮಾಡಿದ್ರಿ. ಇದಕ್ಕಿಂತ ಹೆಚ್ಚಿನದು ನನ್ನ ಕಡೆ ಏನದ?”

ಗಂಟನ್ನು ಎದೆಗೆ ಒತ್ತಿಕೊಂಡು ಬೇವಿನ ಮರದ ಕಡೆ ನಡೆದೆ.

ಹೋದ ಬೇಸಿಗೆ. ಅಫಜಲಪುರದ ಹತ್ತಿರ ಸುಟ್ಟ ಕಬ್ಬಿನ ಹೊಲ ಅಳೆಯಲು ಹೋದವಳು ಬಿಸಿಲು ತಾಗಿ ಬಿದ್ದಿದ್ದೆ. ಪ್ರಬುದ್ಧ ತನ್ನ ಟವೆಲನ್ನು ಕಾಲುವೆಯಲ್ಲಿ ತೋಯಿಸಿ ನನ್ನ ತಲೆಗೆ ಸುತ್ತಿದ. ಅದು ಒಣಗಿದಾಗ ಅಂಗಿ ಬಿಚ್ಚಿ ತೋಯಿಸಿದ. ಬರಿಮೈಯಲ್ಲಿ ಜೀಪು ಓಡಿಸುತ್ತ, ದಾರಿಯುದ್ದಕ್ಕೂ ಅಡ್ಡ ಬಂದವರ ಬಾಯಿಗೆಲ್ಲ ಬೆಲ್ಲ ಹಾಕುತ್ತ ಕಲಬುರಗಿಯ ಆಸ್ಪತ್ರೆಗೆ ಮುಟ್ಟಿಸಿದ. ಇನ್ನು ತುಸು ತಡವಾಗಿದ್ದರೆ ಆಗುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದ್ದರು. ನನ್ನ ಮಕ್ಕಳು ಇಂದು ನನ್ನನ್ನು ಅವ್ವಾ ಎಂದು ಕರೆಯುತ್ತಿದ್ದರೆ ಅದು ಅವನಿಂದ. ಋಣ ಎಂದು ನಾನು ಬಾಯಿ ತೆರೆದಾಗಲೆಲ್ಲ ಅವನು ರೇಡಿಯೋದ ದನಿ ಏರಿಸುತ್ತಾನೆ.

ಈಗ ಜೀಪು ಎದುರಿಗಿತ್ತು. ಮುಂದಿನ ಹೊಸ ಗಾರ್ಡು ಥಳಥಳ ಹೊಳೆಯುತ್ತಿತ್ತು. ಈ ಹೊಳಪನ್ನು ಮುಂಜಾನೆಯಿಂದ ನೋಡಿಯೂ ನೋಡದಂತಿದ್ದೆ. ನನ್ನ ಮೊಣಕಾಲನ್ನು ಅದರ ಪಕ್ಕಕ್ಕೆ ಇಟ್ಟು ನೋಡಿದೆ. ಸರಿಯಾಗಿ ಅದೇ ಎತ್ತರ.

ಪ್ರಬುದ್ಧ ಸೀಟಿನಿಂದ ಇಳಿದ. ನನ್ನ ಮೊಣಕಾಲು ನೋಡಿದ, ಮುಖ ನೋಡಿದ.

“ಅಜ್ಜಿ ಹೇಳಿದ್ರೇನ್ರಿ?”

“ಹೇಳಿದ್ರು. ಅವತ್ತ ಹೊಡದದ್ದು ಈ ಗಾಡೀನ ಹೌದಲ್ಲೋ?”

“ಹೌದ್ರಿ.”

“ಬೈದದ್ದು?”

“ನಾನ ರಿ.”

“ಏನೂ ತಪ್ಪಿಲ್ಲದ ಹುಡುಗನ ಹೊಟ್ಟಿ ಮ್ಯಾಲ ಹೊಡ್ಯಾಕತ್ತಿ ಅಂತ ತಿಳೀಲಿಲ್ಲೇನೋ ನಿನಗ? ಬಾಳಮ್ಮ ಇದನ್ನ ಕಲಿಸ್ಯಾಳೇನು? ನನ್ನ ಜೀವಾ ಉಳಿಸಿದಾಂವ ನೀನು. ನಿನ್ನ ಹೆಸರ ಹ್ಯಾಂಗ ಬರೀಲೋ ನಾನು?”

“ಬರೀರಿ ಮೇಡಂ. ಗಾಡಿ ನಂದು, ಬೈಗುಳ ನಂದು, ಬರೀರಿ.” ಅವನು ಟವೆಲಿನಿಂದ ಮುಖ ಒತ್ತಿಕೊಂಡ. “ಆದ್ರ ಸುಳ್ಳ ಬರದಂಗ ಆಗ್ತದ. ಬೈದಾಂವ ನಾನು. ಗಾಡಿ ನಡಸ್ತಿದ್ದಾಂವ ನಾನಲ್ಲ.”

“ಏನಂದಿ?”

“ಅವತ್ತ ನಿಮ್ಮ ಕೆಲಸ ಇರಲಿಲ್ಲಂತ ಇಲ್ಲಿಗಿ ಬಾಡಗಿಗಿ ಬಂದಿದ್ದೆ ರಿ. ನಾ ಬಾಜೂಕ ಕುಂತಿದ್ದೆ. ಕಲಿಸಾಕತ್ತಿದ್ದೆ. ಊರೆಲ್ಲ ಮದುವಿಗಿ ಹೋಗ್ಯಾದ, ನೋಡಿ ನಗೋರು ಯಾರೂ ಇಲ್ಲ, ಇವತ್ತೇ ಕಲಸು ಅಂದ್ರು. ಧೂಳ ಎದ್ದು ಕಣ್ಣ ಕಾಣದಂಗಾತು. ಬ್ರೇಕ್ ಅಂದೆ, ಅವರು ಇನ್ನೊಂದು ತುಳದ್ರು. ಅವರ ಹಣಿ ಹೋಗಿ ಮುಂದಿನ ಗಾಜಿಗಿ ಬಡೀತು.”

“ಯಾರಿಗಿ ಕಲಸ್ತಿದ್ದಿ?”

“ಹೆಸರ ಹೇಳಂಗಿಲ್ಲಂತ ಮಾತ ಕೊಟ್ಟೇನಿ. ಅರ್ಬಾಜಗೂ ಗೊತ್ತದ, ಅವನೂ ಹೇಳಂಗಿಲ್ಲ.”

ಅವನ ಕಣ್ಣು ನನ್ನ ಮುಖದಿಂದ ಇಳಿದು ನನ್ನ ಎದೆಗೊತ್ತಿಕೊಂಡಿದ್ದ ಬಿಳಿ ಗಂಟಿನ ಮೇಲೆ ನಿಂತಿತು. ಬಟ್ಟೆಯೊಳಗಿಂದ ರೊಟ್ಟಿಯ ಬಿಸಿ ಇನ್ನೂ ತಾಗುತ್ತಿತ್ತು.

“ಆ ರೊಟ್ಟಿ ಬಡದ ಕೈನೇ ಅವತ್ತ ಸ್ಟೇರಿಂಗ್ ಹಿಡದಿತ್ತರಿ,” ಎಂದ ಪ್ರಬುದ್ಧ.

“ಮೇಡಂ!”

ಬೆನ್ನ ಹಿಂದಿನಿಂದ ಬಂತು ಆ ಕೂಗು. ತಿರುಗಿದೆ. ಸಭೆಗೆ ಹೊರಟ ಹೆಂಗಸರೆಲ್ಲ ದಾರಿಯಲ್ಲಿ ನಿಂತಿದ್ದರು. ಎಲ್ಲರ ಮುಂದೆ ನಿಂಬೆವ್ವ. ಇಳಿಬಿಸಿಲು ಅವಳ ಹಣೆಯ ಅರಿಶಿನದ ಮೇಲೆ ಬಿದ್ದಿತ್ತು.

“ಹೆಸರ ಸಿಕ್ತೇನ್ರಿ?” ಎಂದು ನಿಂಬೆವ್ವ ಕೇಳಿದಳು.

ಅವಳ ಹಿಂದೆ ನಿಂತ ಅರ್ಬಾಜ, ಹೇಳಬೇಡಿ ಎಂದು ನನಗೆ ಕೈ ಮುಗಿಯುತ್ತಿದ್ದ.